ಸಿಯಾಚಿನ್ ಪೋಸ್ಟಿನಲ್ಲಿ ನಮ್ಮ ದಿನಗಳು

ಲಡಾಖಿನ ಸಿಯಾಚಿನ್ ಹಿಮನದಿಯ ಸೇನಾ ಪೋಸ್ಟಿನಲ್ಲಿ ಇದ್ದೆ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಗುಂಡಿನ ವಿಷಯ. 2003ರ ನವೆಂಬರ್‌ನಲ್ಲಿ ಭಾರತ-ಪಾಕಿಸ್ತಾನದ ನಡುವೆ ಕದನವಿರಾಮ ಆದ ಮೇಲೆ ಅಲ್ಲಿ ಗುಂಡಿನ ಸದ್ದು ಹೆಚ್ಚುಕಡಿಮೆ ನಿಂತೇ ಹೋಗಿದೆ. ನಾನು ಹೋಗಿದ್ದು ಅದಾದ ಮೇಲೆ. ನಮ್ಮ ಹೊತ್ತೆಲ್ಲ ಹೋಗುತ್ತಿದ್ದದ್ದು ಹಿಮ ಎತ್ತುವುದರಲ್ಲಿ, ಕುಡಿಯುವ ನೀರು ಮಾಡಿಕೊಳ್ಳುವುದರಲ್ಲಿ, ಕಾಲು ಕಾಪಾಡಿಕೊಳ್ಳುವುದರಲ್ಲಿ.

ಒಂದೇ ಸಲಕ್ಕೆ ಮೇಲೆ ಕಳಿಸುವುದಿಲ್ಲ. ಎತ್ತರಕ್ಕೆ ಮೈ ಒಗ್ಗಲಿ ಅಂತ ಮೊದಲು 6 ದಿನ, ಇನ್ನೂ ಮೇಲೆ 4 ದಿನ, ಅದಕ್ಕೂ ಮೇಲೆ ಮತ್ತೆ 4 ದಿನ ಇರಿಸುತ್ತಾರೆ. ಹೊರಡುವ ಮುಂಚೆ ಬೇಸ್ ಕ್ಯಾಂಪಿನಲ್ಲಿ, ಸೈನಿಕರು ತಮ್ಮನ್ನು ಕಾಯುವವನೆಂದು ನಂಬುವ ಓಪಿ ಬಾಬಾನ ಗುಡಿಯಲ್ಲಿ ಕೈಮುಗಿದು, ಎಲ್ಲರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು, ಹಿಮ ಗಟ್ಟಿಯಾಗಿರುವ ರಾತ್ರಿ ಹೊತ್ತಲ್ಲೇ ನಡೆಯುತ್ತಿದ್ದೆವು. ಬಿಸಿಲೇರಿದರೆ ಹಿಮನದಿಯ ಆಳದ ಬಿರುಕುಗಳ ಮೇಲೆ ಮುಚ್ಚಿರುವ ಹಿಮ ಮೆತ್ತಗಾಗಿ ಕಾಲು ಕುಸಿಯುತ್ತದೆ.

ಪೋಸ್ಟ್ ಅಂದರೆ ಒಂದು ಫೈಬರ್ ಹಟ್, ಪಕ್ಕದಲ್ಲಿ ಹಿಮ ಕೊರೆದು ಮಾಡಿದ ಸಂತ್ರಿ, ಅಂದರೆ ಕಾವಲುಗಾರ, ನಿಲ್ಲುವ ಜಾಗ. ಸಲಿಕೆ ಯಾವಾಗಲೂ ಒಳಗೇ ಇರಬೇಕು. ರಾತ್ರಿ ಹಿಮ ಬಿದ್ದು ಬಾಗಿಲು ಮುಚ್ಚಿಹೋದರೆ ಹೊರಗಿರುವ ಸಲಿಕೆಯಿಂದ ಏನು ಪ್ರಯೋಜನ? ಸಂತ್ರಿ ಬದಲಾದಾಗಲೆಲ್ಲ ಬಾಗಿಲು ಬಿಡಿಸುವುದು, ಬುಖಾರಿಯ (ಕೋಣೆ ಬೆಚ್ಚಗಿಡುವ ಸೀಮೆಎಣ್ಣೆ ಒಲೆಯ) ಹೊಗೆ ಕೊಳವೆ ತೆರೆದಿದೆಯಾ ನೋಡುವುದು ಕಡ್ಡಾಯ. ಕೊಳವೆ ಮುಚ್ಚಿದರೆ ಸೀಮೆಎಣ್ಣೆ ಹೊಗೆ ಒಳಗೇ ತುಂಬಿಕೊಂಡು ಮಲಗಿದವರು ಏಳುವುದೇ ಇಲ್ಲ. 2016ರ ಫೆಬ್ರವರಿಯಲ್ಲಿ ಸೋನಮ್ ಪೋಸ್ಟ್ ಮೇಲೆ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಜನ ಹೂತುಹೋದರಲ್ಲ, ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಇದ್ದರು, ಹಾಸನ, ಮೈಸೂರು ಜಿಲ್ಲೆಯವರೂ ಇದ್ದರು. ಆ ಹೆಸರುಗಳು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಸುತ್ತ ಹಿಮವೇ ಇದ್ದರೂ ನೀರಿಗೆ ಪರದಾಟ. ಡಬ್ಬದ ತುಂಬ ಹಿಮ ಒತ್ತಿ ಸ್ಟೌ ಮೇಲಿಟ್ಟರೆ ತಳದಲ್ಲಿ ಒಂದಿಷ್ಟು ನೀರಾಗುತ್ತದೆ, ಮತ್ತೆ ಹಿಮ ಹಾಕು, ಮತ್ತೆ ಕಾಯಿ. ಸೀಮೆಎಣ್ಣೆ ಕೆಳಗಿನಿಂದ ಬರಬೇಕು, ಹವಾಮಾನ ಕೆಟ್ಟರೆ ಹೆಲಿಕಾಪ್ಟರ್ ಬರುವುದಿಲ್ಲ, ಹಾಗಾಗಿ ಒಂದು ಲೋಟ ನೀರನ್ನೂ ಸುಮ್ನೆ ಚೆಲ್ಲುತ್ತಿರಲಿಲ್ಲ. ಅಷ್ಟು ಎತ್ತರದಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಊಟವೂ ಸೇರುವುದಿಲ್ಲ. ಬೇಡ ಅಂದರೂ ನಮ್ಮ ಸುಬೇದಾರ್ ಸಾಹೇಬರು ಎದುರಿಗೆ ಕೂತು ಕುಡಿಸುತ್ತಿದ್ದರು.

ಇನ್ನು ಕಾಲು. ಚಳಿಗಿಂತ ಬೂಟಿನೊಳಗಿನ ಬೆವರಿಗೆ ನಾವು ಜಾಸ್ತಿ ಹೆದರುತ್ತಿದ್ದೆವು, ಯಾಕೆಂದರೆ ಒದ್ದೆ ಕಾಲುಚೀಲ ಹಾಕಿಕೊಂಡು ಸಂತ್ರಿ ನಿಂತರೆ ಬೆರಳು ಹೋದಂತೆಯೇ. ಕಾವಲಿನಿಂದ ಒಳಗೆ ಬಂದವನು ಮೊದಲು ಬೂಟು ಬಿಚ್ಚಿ, ಕಾಲುಚೀಲ ಬದಲಿಸಿ, ಒದ್ದೆಯಾದದ್ದನ್ನು ಜಾಕೆಟ್ ಒಳಗೆ ಹೊಟ್ಟೆಯ ಹತ್ತಿರ ಇಟ್ಟುಕೊಂಡು ಮೈಬಿಸಿಗೇ ಒಣಗಿಸುತ್ತಿದ್ದ. ಆಮೇಲೆ ಜೊತೆಗಾರ ಟಾರ್ಚ್ ಹಿಡಿದು ಹತ್ತೂ ಬೆರಳನ್ನು ಒತ್ತಿ ನೋಡುತ್ತಿದ್ದ. ಒತ್ತಿದ ಜಾಗ ಬೆಳ್ಳಗೇ ಉಳಿದರೆ, ಮುಟ್ಟಿದ್ದು ಗೊತ್ತಾಗದಿದ್ದರೆ ಅಪಾಯ. ಆಗ ಉಜ್ಜಬಾರದು, ಬುಖಾರಿಗೆ ಹಿಡಿಯಲೂಬಾರದು. ಮರಗಟ್ಟಿದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಜೊತೆಗಾರನೇ ಆ ಪಾದಗಳನ್ನು ತನ್ನ ಬಟ್ಟೆಯೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದ, ಒಬ್ಬ ರೇಡಿಯೋದಲ್ಲಿ ಡಾಕ್ಟರ್‌ಗೆ ಹೇಳುತ್ತಿದ್ದ. ಈಗ ಮೇಲೆ ಹೋಗುವ ನಮ್ಮ ಕಡೆಯ ಹುಡುಗರು ಫೋನ್ ಮಾಡಿದರೆ ನಾನು ಹೇಳುವುದು ಇದನ್ನೇ: ಬೆರಳು ಮರಗಟ್ಟಿದರೆ ನಾಚಿಕೊಳ್ಳಬೇಡಪ್ಪ, ಬೆಳಗಾಗಲಿ ಅಂತ ಕಾಯಬೇಡ, ಪಕ್ಕದವನನ್ನು ಎಬ್ಬಿಸು.