ಬೋರ್ಡ್ ಆನ್ ಆಗಿದೆ, ಟರ್ಮಿನಲ್ ಖಾಲಿ: ಮಾತು ನಿಂತಿದ್ದು ಎಲ್ಲಿ ಅಂತ ಹುಡುಕುವುದು ಹೇಗೆ?

ಬಿಲ್ಡ್‌ರೂಟ್‌ನಲ್ಲಿ (ಸಣ್ಣ ಬೋರ್ಡ್‌ಗಳಿಗೆ ಲಿನಕ್ಸ್ ಕಟ್ಟಿಕೊಡುವ ಟೂಲ್) ಗಂಟೆಗಟ್ಟಲೆ ಕಾದು ನಿಮ್ಮದೇ ಲಿನಕ್ಸ್ ಇಮೇಜ್ ಮಾಡಿದ್ದೀರಿ. ಎಸ್‌ಡಿ ಕಾರ್ಡ್‌ಗೆ ಬರೆದು, ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಹಾಕಿ ಕರೆಂಟ್ ಕೊಟ್ಟಿದ್ದೀರಿ. ಸೀರಿಯಲ್ ವೈರ್‌ನಿಂದ ಲ್ಯಾಪ್‌ಟಾಪ್‌ನ ಟರ್ಮಿನಲ್‌ಗೆ ಒಂದಕ್ಷರವೂ ಬರಲಿಲ್ಲ. ದಯವಿಟ್ಟು ಆಗಲೇ ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತೆ ಬಿಲ್ಡ್ ಮಾಡಲು ಕೂರಬೇಡಿ. ಎಷ್ಟೋ ಸಲ ಸಿಸ್ಟಮ್ ಚೆನ್ನಾಗೇ ಓಡುತ್ತಿರುತ್ತದೆ, ಅದರ ಮಾತು ಮಾತ್ರ ಬೇರೆ ಪೋರ್ಟಿಗೆ ಹೋಗುತ್ತಿರುತ್ತದೆ.

ಮೊದಲು ಜೀವ ಇದೆಯಾ ನೋಡಿ. ಹಸಿರು ಎಲ್‌ಇಡಿ ಮಿನುಗುತ್ತಿದ್ದರೆ ಎಸ್‌ಡಿ ಕಾರ್ಡ್ ಓದುತ್ತಿದೆ ಅಂತ ಅರ್ಥ. ಇಮೇಜ್‌ನಲ್ಲಿ ನೆಟ್‌ವರ್ಕ್ ಹಾಕಿದ್ದರೆ ಈಥರ್ನೆಟ್ ಚುಚ್ಚಿ, ರೂಟರ್‌ನ ಪಟ್ಟಿಯಲ್ಲಿ ಹೊಸ ಐಪಿ ಬಂತಾ ನೋಡಿ. ಬಂದಿದ್ದರೆ ಕರ್ನಲ್ ಬದುಕಿದೆ, ಕನ್ಸೋಲ್, ಅಂದರೆ ಅದರ ಸಂದೇಶ ಹೊರಬರುವ ದಾರಿ, ಮಾತ್ರ ಸರಿ ಮಾಡಬೇಕು.

ಆಮೇಲೆ ವೈರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ಗೆ ಹೋಗಿ ಸುಮ್ನೆ 'ಸೀರಿಯಲ್ ಕೇಬಲ್' ಅಂತ ಕೇಳಿದರೆ ಹೆಚ್ಚು ವೋಲ್ಟೇಜಿನ ಆರ್‌ಎಸ್-232 ಕೇಬಲ್ ಕೈಗೆ ಬರಬಹುದು. ಅದು ಬೇಡ, ಬೋರ್ಡ್ ಸುಟ್ಟುಹೋಗಬಹುದು. '3.3 ವೋಲ್ಟ್ ಯುಎಸ್‌ಬಿ ಟಿಟಿಎಲ್' ಅಡಾಪ್ಟರ್ ಅಂತಲೇ ಕೇಳಿ, 5 ವೋಲ್ಟ್‌ಗೆ ಜಂಪರ್ ಇದ್ದರೆ ಅದನ್ನು 3.3ಕ್ಕೆ ಹಾಕಿ. ಪೈನಲ್ಲಿ 6ನೇ ಪಿನ್ ಗ್ರೌಂಡ್, 8ನೇದು ಟಿಎಕ್ಸ್ (ಕಳಿಸುವುದು), 10ನೇದು ಆರ್‌ಎಕ್ಸ್ (ಪಡೆಯುವುದು). ಬೋರ್ಡಿನ ಟಿಎಕ್ಸ್ ಅಡಾಪ್ಟರ್‌ನ ಆರ್‌ಎಕ್ಸ್‌ಗೆ ಹೋಗಬೇಕು, ಅದರ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ. ಅಡಾಪ್ಟರ್‌ನ ಕೆಂಪು ಪವರ್ ವೈರ್ ಬೋರ್ಡಿಗೆ ಹಾಕಬೇಡಿ.

ಅಡಾಪ್ಟರ್ ಮೇಲೇ ಅನುಮಾನ ಇದ್ದರೆ ಬೋರ್ಡ್‌ನಿಂದ ಬಿಚ್ಚಿ, ಅಡಾಪ್ಟರ್‌ನ ಟಿಎಕ್ಸ್ ಮತ್ತು ಆರ್‌ಎಕ್ಸ್ ಎರಡನ್ನೂ ಒಂದೇ ಜಂಪರ್ ವೈರ್‌ನಿಂದ ಸೇರಿಸಿ. ಲ್ಯಾಪ್‌ಟಾಪ್‌ನಲ್ಲಿ ಪಿಕೊಕಾಮ್ ಅನ್ನುವ ಸೀರಿಯಲ್ ಟರ್ಮಿನಲ್ ಪ್ರೋಗ್ರಾಂ ತೆರೆದು, ಸ್ಪೀಡ್ 115200 ಇಟ್ಟು, ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ವಾಪಸ್ ಕಂಡರೆ ಕೇಬಲ್, ಡ್ರೈವರ್, ಪರ್ಮಿಷನ್ ಮೂರೂ ಸರಿ ಇವೆ. ಎರಡೇ ನಿಮಿಷದ ಈ ಪರೀಕ್ಷೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಸುತ್ತದೆ. ಅದರ ಬದಲು ಮಿನಿಕಾಮ್ ಬಳಸುವವರು ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ, ಇಲ್ಲದಿದ್ದರೆ ಬೋರ್ಡ್ ಮಾತಾಡುವುದು ಕಾಣುತ್ತದೆ, ನೀವು ಒತ್ತಿದ ಕೀ ಮಾತ್ರ ಹೋಗುವುದಿಲ್ಲ.

ಈಗ ಪೈನ ಕಷ್ಟದ ಜಾಗಕ್ಕೆ ಬರೋಣ. ಇದರಲ್ಲಿ ಎರಡು ಥರದ ಯುಆರ್ಟ್ (ಸೀರಿಯಲ್ ಪೋರ್ಟ್ ನಡೆಸುವ ಭಾಗ) ಇವೆ, ಪಿಎಲ್011 ಮತ್ತು ಮಿನಿ ಯುಆರ್ಟ್. ಒಳ್ಳೆಯದಾದ ಪಿಎಲ್011 ಅನ್ನು ಮಾಮೂಲಿಯಾಗಿ ಬ್ಲೂಟೂತ್‌ಗೆ ಕೊಟ್ಟಿರುತ್ತಾರೆ, ಹಾಗಾಗಿ 8 ಮತ್ತು 10ನೇ ಪಿನ್‌ಗೆ ಬರುವುದು ಮಿನಿ ಯುಆರ್ಟ್. ಲಿನಕ್ಸ್‌ನಲ್ಲಿ ಪಿಎಲ್011 ಹೆಸರು ಟಿಟಿವೈಎಎಂಎ0, ಮಿನಿಯದು ಟಿಟಿವೈಎಸ್0. ಕರ್ನಲ್ ಕಮ್ಯಾಂಡ್ ಲೈನ್‌ನಲ್ಲಿ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು) ಒಂದರ ಹೆಸರು ಬರೆದು ವೈರ್ ಇನ್ನೊಂದಕ್ಕೆ ಹಾಕಿದ್ದರೆ ಏನೂ ಕಾಣುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಮಿನಿ ಯುಆರ್ಟ್‌ನ ಸ್ಪೀಡ್ ಕೋರ್ ಕ್ಲಾಕ್ ಜೊತೆ ಏರಿಳಿಯುತ್ತದೆ, ಕಸದಂಥ ಅಕ್ಷರ ಬರಲು ಅದೂ ಒಂದು ಕಾರಣ. ಎಸ್‌ಡಿ ಕಾರ್ಡ್‌ನಲ್ಲಿರುವ ಪೈನ ಕಾನ್ಫಿಗ್ ಫೈಲ್‌ನಲ್ಲಿ (config.txt) 'ಎನೇಬಲ್_ಯುಆರ್ಟ್=1' ಹಾಕಿದರೆ ಆ ಕ್ಲಾಕ್ ಒಂದೇ ಕಡೆ ನಿಲ್ಲುತ್ತದೆ. ಬ್ಲೂಟೂತ್ ಬೇಡವಾದರೆ ಅದೇ ಫೈಲ್‌ನಲ್ಲಿ 'ಡಿಸೇಬಲ್-ಬಿಟಿ' ಓವರ್‌ಲೇ (ಹಾರ್ಡ್‌ವೇರ್ ವಿವರ ಬದಲಿಸುವ ಪುಟ್ಟ ಫೈಲ್) ಹಾಕಿ ಪಿಎಲ್011 ಅನ್ನೇ ಆ ಪಿನ್‌ಗಳಿಗೆ ತನ್ನಿ, ನಾನಂತೂ ಹಾಗೇ ಮಾಡುತ್ತೇನೆ.

ಪೋರ್ಟ್ ಸರಿ ಇದ್ದೂ ಮೌನವಾದರೆ ಕರ್ನಲ್ ಕಾನ್ಫಿಗ್, ಅಂದರೆ ಬಿಲ್ಡ್ ಮಾಡುವಾಗಿನ ಆಯ್ಕೆಗಳ ಪಟ್ಟಿ, ತೆರೆದು ನೋಡಿ. ಸೀರಿಯಲ್ ಡ್ರೈವರ್ ಆನ್ ಇದ್ದರೆ ಸಾಲದು, ಅದರ 'ಕನ್ಸೋಲ್ ಸಪೋರ್ಟ್' ಅನ್ನುವ ಆಯ್ಕೆ ಬೇರೆಯೇ ಇರುತ್ತದೆ. ಅದು ಮಾಡ್ಯೂಲ್ ಆಗದೆ ಕರ್ನಲ್ ಒಳಗೇ ಇರಬೇಕು. ಕಮ್ಯಾಂಡ್ ಲೈನ್‌ನಲ್ಲಿ 'ಕ್ವೈಟ್' ಇದ್ದರೆ ಅಳಿಸಿ, ಎಲ್ಲ ಸಂದೇಶವೂ ಕಾಣುವಂತೆ 'ಇಗ್ನೋರ್_ಲಾಗ್‌ಲೆವೆಲ್' ಸೇರಿಸಿ. ಜೊತೆಗೆ 'ಅರ್ಲಿಕಾನ್' ಹಾಕಿ. ನಿಜವಾದ ಡ್ರೈವರ್ ಏಳುವ ಮೊದಲೇ ಕರ್ನಲ್‌ಗೆ ಬಾಯಿ ಕೊಡುವುದು ಇದು. ಡಿವೈಸ್ ಟ್ರೀ, ಅಂದರೆ ಬೋರ್ಡ್‌ನ ಹಾರ್ಡ್‌ವೇರ್ ವಿವರದ ಫೈಲ್, ಯಾವ ಪೋರ್ಟ್ ಅಂತ ಹೇಳಿದ್ದರೆ ಅಷ್ಟೇ ಸಾಕು, ಇಲ್ಲವಾದರೆ ಯುಆರ್ಟ್‌ನ ಹೆಸರು, ವಿಳಾಸ ಎರಡೂ ಕೊಡಬೇಕು. ಸಾಲುಗಳು ಬಂದು 'ಬೂಟ್‌ಕನ್ಸೋಲ್ ಡಿಸೇಬಲ್ಡ್' ಅನ್ನುವಲ್ಲಿ ಕಡಿದುಹೋದರೆ ಗಾಬರಿ ಬೇಡ. ಕರ್ನಲ್ ಅಲ್ಲಿ ಅರ್ಲಿಕಾನ್ ಬಿಟ್ಟು ನೀವು ಹೇಳಿದ ಕನ್ಸೋಲ್‌ಗೆ ದಾಟಿದೆ, ಅಂದರೆ ಆ ಹೆಸರೇ ತಪ್ಪಿರುವ ಸಾಧ್ಯತೆ ಜಾಸ್ತಿ. 'ಕೀಪ್_ಬೂಟ್‌ಕಾನ್' ಹಾಕಿದರೆ ಮುಂದಿನ ಸಾಲುಗಳೂ ಕಾಣುತ್ತವೆ.

ಕ್ಯೂಇಎಂಯುನಲ್ಲಿ (ನಿಜವಾದ ಬೋರ್ಡ್ ಇಲ್ಲದೆ ಇಮೇಜ್ ಓಡಿಸುವ ಪ್ರೋಗ್ರಾಂ) ಪಿಸಿಯ ಎಕ್ಸ್86 ಇಮೇಜ್ ಓಡಿಸುವವರಿಗೂ ಇದೇ ಕಥೆ. ಪರದೆ ಬೇಡ ಅಂತ 'ನೋಗ್ರಾಫಿಕ್' ಕೊಟ್ಟಿರುತ್ತಾರೆ, 'ಬೂಟಿಂಗ್ ಫ್ರಮ್ ರೋಮ್' (ROM) ಅಂತ ಒಂದು ಸಾಲು ಬಂದು ನಿಂತುಬಿಡುತ್ತದೆ. ಕರ್ನಲ್ ಕಮ್ಯಾಂಡ್ ಲೈನ್‌ಗೆ 'ಕನ್ಸೋಲ್=ಟಿಟಿವೈಎಸ್0' ಸೇರಿಸಿ ನೋಡಿ, ಬಂತು ಅಲ್ವಾ.

ವಿಜಯನಗರದ ನನ್ನ ಗೆಳೆಯ ಒಬ್ಬ ಕಳೆದ ಮಳೆಗಾಲದಲ್ಲಿ ಬೋರ್ಡ್ ಹಿಡಿದು ಮನೆಗೇ ಬಂದಿದ್ದ. ಎರಡು ದಿನದಿಂದ ಕರ್ನಲ್ ಬದಲಿಸುತ್ತಲೇ ಇದ್ದ. ಅವನಿಗೆ ಕರ್ನಲ್ ಸಾಲುಗಳೆಲ್ಲ ಬರುತ್ತಿದ್ದವು, ಲಾಗಿನ್ ಮಾತ್ರ ಇಲ್ಲ. ಅಲ್ಲಿಗೆ ಕರ್ನಲ್‌ನ ತಪ್ಪೇನಿಲ್ಲ ಅಂತ ಆಯಿತಲ್ಲ. ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ ಇನಿಟ್‌ಟ್ಯಾಬ್ (ಬೂಟ್ ಆದಮೇಲೆ ಏನೇನು ಶುರುವಾಗಬೇಕು ಅನ್ನುವ ಫೈಲ್) ನೋಡಿದೆವು. ಲಾಗಿನ್ ತೋರಿಸುವ ಗೆಟ್ಟಿ ಪ್ರೋಗ್ರಾಂನ ಸಾಲಿನಲ್ಲಿ ಟಿಟಿವೈಎಎಂಎ0 ಇತ್ತು, ಕಮ್ಯಾಂಡ್ ಲೈನ್‌ನಲ್ಲಿ ಟಿಟಿವೈಎಸ್0. ಆ ಒಂದು ಪದ ಬದಲಿಸಿ ಕರೆಂಟ್ ಕೊಟ್ಟ ಮೇಲೆ, ನಾನು ಕಾಫಿ ತರಲು ಎದ್ದು ವಾಪಸ್ ಬರುವಷ್ಟರಲ್ಲಿ ಅವನು ಪಾಸ್‌ವರ್ಡ್ ಟೈಪ್ ಮಾಡುತ್ತಿದ್ದ.