ಎಡಿಟರ್‌ನಲ್ಲಿ ಹುಡುಕುವಾಗ ದಾರಿ ತಪ್ಪದಿರಲು

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಇಡೀ ವರ್ಷದ ದರ ಒಂದೇ ಟೆಕ್ಸ್ಟ್ ಫೈಲ್‌ನಲ್ಲಿದೆ ಅಂದುಕೊಳ್ಳಿ. ನೀವು ನಡುವೆ ಎಲ್ಲೋ ಒಂದು ಸಾಲು ತಿದ್ದುತ್ತಿದ್ದೀರಿ. ಅಷ್ಟರಲ್ಲಿ ಹೋದ ತಿಂಗಳು 'ಡಬ್ಬಿ' ತಳಿಯ ಮೆಣಸಿನಕಾಯಿ ಎಷ್ಟಕ್ಕೆ ಹೋಗಿತ್ತು ಅಂತ ನೋಡಬೇಕಾಯಿತು. ಸರ್ಚ್ ಒತ್ತಿ ಅರ್ಧ ಟೈಪ್ ಮಾಡುವಷ್ಟರಲ್ಲಿ ದರ ಕಣ್ಣಿಗೆ ಬಿತ್ತು. ಈಗ ವಾಪಸ್ ಬರಬೇಕು, ಎಲ್ಲಿಗೆ? ತಿದ್ದುತ್ತಿದ್ದ ಸಾಲು ಯಾವುದು ಅಂತ ನೀವು ನೆನಪಿಟ್ಟುಕೊಂಡಿರಬೇಕಾಗಿಲ್ಲ, ಅದು ಎಡಿಟರ್ ಕೆಲಸ. ಸರ್ಚ್ ಪ್ರಾಂಪ್ಟ್‌ನಿಂದ, ಅಂದರೆ ಹುಡುಕುವ ಪದ ಟೈಪ್ ಮಾಡುವ ಸಾಲಿನಿಂದ, ನಾನು ಕೇಳುವುದು ಇಷ್ಟೇ: ನಿಂತಿದ್ದ ಜಾಗವನ್ನೂ ಕಳೆಯಬಾರದು, ಟೈಪ್ ಮಾಡಿದ್ದನ್ನೂ ಕಳೆಯಬಾರದು. ಪುಕ್ಕಟೆ ಸಿಗುವ ವಿಮ್ ಮತ್ತು ಈಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ಗಳೆರಡೂ ಇದನ್ನು ಮಾಡುತ್ತವೆ, ರೀತಿ ಬೇರೆ ಬೇರೆ.

ಮೊದಲು ವಿಮ್. / ಒತ್ತಿದರೆ ಕೆಳಗಿನ ಸಾಲಿನಲ್ಲಿ ಪ್ರಾಂಪ್ಟ್ ತೆರೆಯುತ್ತದೆ, ? ಒತ್ತಿದರೆ ಮೇಲ್ಮುಖವಾಗಿ ಹುಡುಕುತ್ತದೆ. ಟೈಪ್ ಮಾಡುತ್ತಿದ್ದಂತೆಯೇ ಪದ ಕಾಣಿಸಬೇಕು. ಕಾಣಿಸದಿದ್ದರೆ ಕೋಲನ್ ಒತ್ತಿ, ಸೆಟ್ ಇನ್‌ಕ್‌ಸರ್ಚ್ (set incsearch) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಹೊಸ ವಿಮ್‌ನಲ್ಲಿ ಇದು ಮೊದಲೇ ಆನ್ ಇರುತ್ತದೆ, ಆದರೆ ನಿಮ್ಮದೇ ವಿಮ್‌ಆರ್‌ಸಿ ಫೈಲ್ (ವಿಮ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ಮಾಡಿಕೊಂಡ ಕೂಡಲೇ ಆ ಸಿದ್ಧ ಸೆಟ್ಟಿಂಗ್‌ಗಳು ಓದಲ್ಪಡುವುದಿಲ್ಲ, ಹಾಗಾಗಿ ಅದರಲ್ಲೂ ಈ ಸಾಲು ಸೇರಿಸಿಬಿಡಿ.

ಈಗ 'ಡಬ್ಬಿ' ಟೈಪ್ ಮಾಡಿ, ಎಂಟರ್ ಒತ್ತಬೇಡಿ. ಕಂಟ್ರೋಲ್ ಜಿ ಮುಂದಿನ 'ಡಬ್ಬಿ'ಗೆ, ಕಂಟ್ರೋಲ್ ಟಿ ಹಿಂದಿನದಕ್ಕೆ ಹೋಗುತ್ತದೆ. ನೋಡಿದ್ದು ಸಾಕಾದರೆ ಎಸ್ಕೇಪ್, ಹೊರಟ ಜಾಗಕ್ಕೇ ಬರುತ್ತೀರಿ. ಎಂಟರ್ ಒತ್ತಿಬಿಟ್ಟಿದ್ದರೂ ಗಾಬರಿ ಬೇಡ, ಕಂಟ್ರೋಲ್ ಓ ಹಿಂದಕ್ಕೆ ಕರೆತರುತ್ತದೆ. ವಿಮ್ ಬಳಸುವ ಎಷ್ಟೋ ಜನಕ್ಕೆ ಈ ಜಿ ಮತ್ತು ಟಿ ಗೊತ್ತೇ ಇರುವುದಿಲ್ಲ, ಎಂಟರ್ ಒತ್ತಿ, ಮುಂದಿನದಕ್ಕೆ ಹೋಗಲು ಎನ್ ಎನ್ ಎನ್ ಅಂತ ಹೊಡೆಯುತ್ತಾ ಹೋಗುತ್ತಾರೆ.

ಎರಡನೆಯದು, ಟೈಪ್ ಮಾಡಿದ್ದರ ನೆನಪು. / ಒತ್ತಿ ಮೇಲಿನ ಬಾಣ ಒತ್ತಿದರೆ ಹಳೆಯ ಹುಡುಕಾಟಗಳು ಒಂದೊಂದಾಗಿ ಬರುತ್ತವೆ. ಮೊದಲು 'ಡ' ಅಂತ ಹೊಡೆದು ಬಾಣ ಒತ್ತಿದರೆ 'ಡ'ದಿಂದ ಶುರುವಾಗುವವು ಮಾತ್ರ. ಎಸ್ಕೇಪ್ ಒತ್ತಿ ಅರ್ಧಕ್ಕೆ ಬಿಟ್ಟ ಹುಡುಕಾಟವೂ ಅಲ್ಲಿ ಉಳಿದಿರುತ್ತದೆ. ಎಲ್ಲ ಎಡಿಟರ್‌ಗಳೂ ಹೀಗಿರಬೇಕಿತ್ತು, ಅಲ್ವಾ?

ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್ ಎಸ್ ಒತ್ತಿದರೆ ಹುಡುಕಾಟ ಶುರು, ಮತ್ತೆ ಒತ್ತಿದರೆ ಮುಂದಿನದು. ರದ್ದು ಮಾಡಲು ಕಂಟ್ರೋಲ್ ಜಿ. ಇಲ್ಲೊಂದು ಜಾಣತನವಿದೆ: ನೀವು ಹೊಡೆದದ್ದರಲ್ಲಿ ಕೊನೆಯ ಭಾಗ ಫೈಲ್‌ನಲ್ಲಿ ಇಲ್ಲದಿದ್ದರೆ, ಮೊದಲ ಕಂಟ್ರೋಲ್ ಜಿ ಆ ಸಿಗದ ಭಾಗವನ್ನಷ್ಟೇ ಅಳಿಸುತ್ತದೆ, ಎರಡನೆಯದು ಹೊರಟ ಜಾಗಕ್ಕೆ ಕರೆತರುತ್ತದೆ. ಫೈಲ್ ಮುಗಿದಾಗಲೂ ಸುಮ್ನೆ ಮೇಲಿಂದ ಶುರು ಮಾಡುವುದಿಲ್ಲ, ಮುಂದೆ ಸಿಗಲಿಲ್ಲ ಅಂತ ನಿಂತು, ಇನ್ನೊಮ್ಮೆ ಒತ್ತಿದರೆ ಮಾತ್ರ ಸುತ್ತಿ ಬರುತ್ತದೆ. ವಿಮ್ ಒಂದು ಸಂದೇಶ ತೋರಿಸಿ ತಾನೇ ಮೇಲಕ್ಕೆ ಹೋಗಿಬಿಡುತ್ತದೆ. ಗದಗಿನ ಪ್ರೆಸ್‌ಗಳಲ್ಲಿ ಕೂತು ಉದ್ದನೆಯ ಕರಡು ತಿದ್ದುವವರಿಗೆ ಈಮ್ಯಾಕ್ಸ್ ಕ್ರಮವೇ ಒಳ್ಳೆಯದು ಅಂತ ನನಗನಿಸುತ್ತದೆ, ಎಲ್ಲಿಗೆ ಮುಗಿಯಿತು ಅಂತ ಖಾತ್ರಿ ಇರುತ್ತದೆ. ಟರ್ಮಿನಲ್‌ನ ಶೆಲ್‌ನಲ್ಲಿ (ಕಮಾಂಡ್ ಹೊಡೆಯುವ ಕಡೆ) ಮಾತ್ರ ಇದೇ ಅಭ್ಯಾಸದಲ್ಲಿ ಕಂಟ್ರೋಲ್ ಎಸ್ ಒತ್ತಿ ಪರದೆ ನಿಂತುಹೋದರೆ ಕಂಪ್ಯೂಟರ್ ಕೆಟ್ಟಿತು ಅಂದುಕೊಳ್ಳಬೇಡಿ, ಕಂಟ್ರೋಲ್ ಕ್ಯೂ ಒತ್ತಿ.

ದಿನಾಂಕ ಹುಡುಕುವಾಗ ಒಂದು ತೊಡಕು ಬರುತ್ತದೆ. ವಿಮ್‌ನಲ್ಲಿ /15/08 ಅಂತ ಕೊಟ್ಟರೆ ಎರಡನೇ / ಹತ್ತಿರವೇ ಪದ ಮುಗಿಯಿತು ಅಂತ ಅದು ತಿಳಿಯುತ್ತದೆ. /15\/08 ಅಂತ ಕೊಡಿ. ಅಥವಾ ?15/08 ಅಂತ ಮೇಲ್ಮುಖವಾಗಿ ಹುಡುಕಿ, ಆಗ ಆ ಗೊಡವೆಯೇ ಇಲ್ಲ.

ಇನ್ನು ಕನ್ನಡದ ವಿಷಯ, ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ಕನ್ನಡ ಕೀಬೋರ್ಡ್ ಆನ್ ಇಟ್ಟುಕೊಂಡು ಹುಡುಕಿ, ಎಂಟರ್ ಆದಮೇಲೆ ಎನ್ ಒತ್ತಿದರೆ ವಿಮ್‌ಗೆ ಕನ್ನಡ ಅಕ್ಷರ ತಲುಪುತ್ತದೆ, ಏನೂ ಆಗುವುದಿಲ್ಲ. ಇಂಗ್ಲಿಷ್‌ಗೆ ಬದಲಿಸಿಕೊಳ್ಳಿ. ಈಮ್ಯಾಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಂಬ ಎರಡು ವಿಧಾನಗಳೂ ಒಳಗೇ ಇವೆ, ಹುಡುಕುತ್ತಿರುವಾಗಲೇ ಕಂಟ್ರೋಲ್ \ ಒತ್ತಿ ಭಾಷೆ ಬದಲಿಸಬಹುದು.

ಕಣ್ಣೆದುರೇ ಇರುವ ಪದ ಸಿಗುತ್ತಿಲ್ಲವೇ? 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತ ಪದ್ಧತಿ) ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು, ಪರದೆ ಮೇಲೆ ಒಂದೇ ಥರ ಕಾಣುತ್ತವೆ. 'ಫೈಲ್‌ನಲ್ಲಿ' ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಸಂಕೇತವೂ ಇರುತ್ತದೆ. ಹೀಗಾದಾಗ ಟೈಪ್ ಮಾಡಬೇಡಿ, ಫೈಲ್‌ನಿಂದಲೇ ಪದ ಎತ್ತಿಕೊಳ್ಳಿ. ವಿಮ್‌ನಲ್ಲಿ ವಿ ಒತ್ತಿ ಪದ ಆಯ್ದು ವೈ ಒತ್ತಿ, ಆಮೇಲೆ / ಮತ್ತು ಕಂಟ್ರೋಲ್ ಆರ್, 0. ಈಮ್ಯಾಕ್ಸ್‌ನಲ್ಲಿ ಪದ ಆಯ್ದು ಆಲ್ಟ್ ಡಬ್ಲ್ಯೂ, ಆಮೇಲೆ ಕಂಟ್ರೋಲ್ ಎಸ್, ಕಂಟ್ರೋಲ್ ವೈ.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಫೈಲ್ ಆದರೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಅದರೊಳಗೆ ಇರುವುದು ಕನ್ನಡದ ಸಂಕೇತಗಳೇ ಅಲ್ಲ, ಕನ್ನಡದಂತೆ ಕಾಣುವ ಬೇರೆ ಅಕ್ಷರಗಳು. ಮೊದಲು ಯೂನಿಕೋಡ್‌ಗೆ ಬದಲಿಸಿಕೊಂಡು, ಆಮೇಲೆ ಹುಡುಕಿ.