ಎಕ್ಸ್‌ಸಿ90 ತಗೊಂಡ್ರಾ? ಸೆಟ್ಟಿಂಗ್ಸ್ ಹಿಂದಿನ ಸೀಟಿಂದ ಶುರು ಮಾಡಿ

ವೋಲ್ವೋದ ಮೂರು ಸಾಲು ಸೀಟಿನ ಎಸ್‌ಯುವಿ ಎಕ್ಸ್‌ಸಿ90 ಹೊಸದೇ ಇರ್ಲಿ ಸೆಕೆಂಡ್ ಹ್ಯಾಂಡೇ ಇರ್ಲಿ, ಮನೆಗೆ ಬಂದ ತಕ್ಷಣ ಎಲ್ರೂ ಮಾಡೋದು ಒಂದೇ, ಡ್ರೈವರ್ ಸೀಟಲ್ಲಿ ಕೂತು ಫೋನ್ ಕನೆಕ್ಟ್ ಮಾಡಿ, ಸೀಟ್ ಮಸಾಜ್ ಹಾಕಿ, ಹಾಡು ಜೋರಾಗಿ ಇಟ್ಕೊಂಡು ಒಂದು ರೌಂಡ್ ಹೋಗಿಬರೋದು. ಖುಷಿ ಇರತ್ತೆ, ಮಾಡಿ. ಆದ್ರೆ ಗಾಡಿನ ಸೆಟ್ ಮಾಡೋಕೆ ಕೂತಾಗ ಮಾತ್ರ ಉಲ್ಟಾ ಹೋಗಿ ಅಂತೀನಿ ನಾನು. ಮೊದಲು ಮೂರನೇ ಸಾಲು, ಆಮೇಲೆ ಎರಡನೇ ಸಾಲು, ಡ್ರೈವರ್ ಕೊನೆಗೆ. ಬರೀ ಓಡ್ಸೋ ಮಜಕ್ಕೆ ಅಂದ್ರೆ ಈ ದುಡ್ಡಿಗೆ ಬೇರೆ ಗಾಡಿಗಳಿವೆ, ನಾವು ಇದನ್ನ ತಗೊಂಡಿದ್ದೇ ಅಪ್ಪ ಅಮ್ಮ ಮಕ್ಕಳು ಆರಾಮಾಗಿ ಕೂರ್ಲಿ ಅಂತ. ಅವರ ಆರಾಮಿಗೆ ಅಂತ ಇರೋ ಅರ್ಧ ಫೀಚರ್ ಮೆನು ಒಳಗೆ ಅಡಗಿ ಕೂತಿರತ್ತೆ, ನಾವಾಗೇ ಹೋಗಿ ಆನ್ ಮಾಡ್ಲಿಲ್ಲ ಅಂದ್ರೆ ಇದೆ ಅಂತಾನೇ ಗೊತ್ತಾಗಲ್ಲ. ಗಾಡಿ ತಗೊಂಡು ವರ್ಷಗಳಾದ್ರೂ ಅದು ಹತ್ತೋವಾಗ ಇಳಿಯೋವಾಗ ಬಗ್ಗಿ ನಿಲ್ಲತ್ತೆ ಅನ್ನೋದೇ ಗೊತ್ತಿಲ್ದೇ ಇರೋ ಓನರ್‌ಗಳನ್ನ ನೋಡಿದೀನಿ.

ಡೆಲಿವರಿ ದಿನ ಶೋರೂಮಲ್ಲಿ ಹೇಳ್ಕೊಟ್ಟಿದ್ದು ಯಾವ್ದೂ ತಲೇಲಿ ನಿಲ್ಲಲ್ಲ, ಹಾರ ಹಾಕೋದು ಫೋಟೋ ತೆಗೆಯೋದ್ರಲ್ಲೇ ಟೈಮ್ ಹೋಗತ್ತೆ. ಒಂದು ರಜಾ ದಿನ ಮನೆಯವರನ್ನೆಲ್ಲ ಕರ್ಕೊಂಡು ನಿಲ್ಸಿರೋ ಗಾಡೀಲೇ ಅವರವರ ಜಾಗದಲ್ಲಿ ಕೂರ್ಸಿ ಮಾಡಿ.

ಮೊದಲು ನಿಮ್ಮದು ಯಾವ ಸಿಸ್ಟಮ್ ಅಂತ ನೋಡ್ಕೊಳ್ಳಿ. ಈಗಿನ ಆಕಾರದ ಎಕ್ಸ್‌ಸಿ90 ಇಂಡಿಯಾಗೆ ಬಂದಿದ್ದು 2015ರಲ್ಲಿ, 2017ರಿಂದ ನಮ್ಮ ಹೊಸಕೋಟೇಲೇ ಅಸೆಂಬಲ್ ಆಗತ್ತೆ. ಮೊದಮೊದಲ ಗಾಡಿಗಳಲ್ಲಿ ಸೆನ್ಸಸ್ ಅಂತ ವೋಲ್ವೋದೇ ಸಿಸ್ಟಮ್ ಇತ್ತು, ಆಮೇಲೆ ಗೂಗಲ್ ಬಂತು. ಎರಡರಲ್ಲೂ ಸ್ಕ್ರೀನ್ 9 ಇಂಚಿನ ಉದ್ದುದ್ದ ಸ್ಕ್ರೀನೇ, 2025ರಲ್ಲಿ ಬಂದ ಫೇಸ್‌ಲಿಫ್ಟಲ್ಲಿ ಅದು 11.2 ಇಂಚಾಯ್ತು. ಸ್ಕ್ರೀನಲ್ಲಿ ಪ್ಲೇ ಸ್ಟೋರ್ ಇದ್ರೆ ಗೂಗಲ್ದು ಅಂತ ಲೆಕ್ಕ. ಮೆನು ಹೆಸರುಗಳು ಮಾಡೆಲ್‌ಗೆ ತಕ್ಕ ಹಾಗೆ ಸ್ವಲ್ಪ ಆಚೀಚೆ ಇರ್ತವೆ, ಅದಕ್ಕೆ ನಾನು ಕೆಲಸ ಏನು ಅಂತ ಹೇಳ್ತೀನಿ, ದಾರಿ ನೀವು ಹುಡುಕ್ಕೊಳ್ಳಿ.

ಈಗ ಮೂರನೇ ಸಾಲು. ಅದು 170 ಸೆಂಟಿಮೀಟರ್ ಎತ್ತರದವರ ತನಕ ಅಂತ ಕಂಪನಿನೇ ಹೇಳತ್ತೆ, ಅಂದ್ರೆ ಐದೂ ಮುಕ್ಕಾಲು ಅಡಿ ಭಾವನ್ನ ಅಲ್ಲಿ ಕೂರ್ಸಿ ಮಂಗಳೂರಿಗೆ ಕರ್ಕೊಂಡು ಹೋಗೋ ಪ್ಲ್ಯಾನ್ ಬೇಡ. ಮಕ್ಕಳಿಗೆ, ಸ್ವಲ್ಪ ಕುಳ್ಳಗಿರೋ ದೊಡ್ಡವರಿಗೆ ನಿಜವಾಗ್ಲೂ ಚೆನ್ನಾಗಿದೆ, ಒಂದು ಕೆಲಸ ಮಾಡಿದ್ರೆ. ಎರಡನೇ ಸಾಲಿನ ಮೂರೂ ಸೀಟು ಬೇರೆಬೇರೆಯಾಗಿ ಹಿಂದೆ ಮುಂದೆ ಜರುಗ್ತವೆ, ಬೆನ್ನೂ ಬೇರೆಬೇರೆ ವಾಲತ್ತೆ. ಮೂರನೇ ಸಾಲಲ್ಲಿ ಯಾರೋ ಕೂತು ಮಂಡಿ ತಗುಲ್ತಾ ಇದೆ ಅಂದಾಗ ಮುಂದೆ ಕೂತವರು ಸೀಟನ್ನ ನಾಲ್ಕು ಬೆರಳಷ್ಟು ಮುಂದಕ್ಕೆ ತಂದ್ರೆ ಸಾಕು, ಇಬ್ಬರಿಗೂ ಜಾಗ ಸರಿಹೋಗತ್ತೆ. ಇದನ್ನ ಮನೆಯವರೆಲ್ಲರ ಕೈಲೂ ಒಂದೊಂದು ಸಲ ಮಾಡ್ಸಿ, ನೀವೇ ಇಳಿದು ಹೋಗಿ ಮಾಡೋ ಹಾಗಾದ್ರೆ ಯಾರೂ ಕೇಳಲ್ಲ, ಸುಮ್ನೆ ಸಹಿಸ್ಕೊಂಡು ಕೂತಿರ್ತಾರೆ. ಹಿಂದೆ ಯಾರೂ ಇಲ್ದೇ ಇದ್ದಾಗ ಹೆಡ್‌ರೆಸ್ಟ್‌ಗಳು ಕನ್ನಡೀಲಿ ಅಡ್ಡ ಬರ್ತವೆ, ಅವನ್ನ ಸ್ಕ್ರೀನಲ್ಲಿರೋ ಒಂದು ಬಟನ್ನಿಂದ ಮಡಚಬಹುದು, ಯಾರಾದ್ರೂ ಕೂತಾಗ ಮರೀದೇ ಎತ್ತಿಡಿ.

ಮೂರೂ ಸಾಲು ಹಾಕಿದ್ರೆ ಡಿಕ್ಕೀಲಿ ಹೆಚ್ಚು ಜಾಗ ಉಳಿಯಲ್ಲ. ಏರ್ ಸಸ್ಪೆನ್ಷನ್ (ಗಾಳಿ ಒತ್ತಡದಿಂದ ಗಾಡಿನ ಮೇಲೆ ಕೆಳಗೆ ಮಾಡೋ ವ್ಯವಸ್ಥೆ) ಇರೋ ಗಾಡೀಲಿ ಡಿಕ್ಕಿ ಒಳಗೆ ಪಕ್ಕದಲ್ಲಿ ಬಟನ್ ಇರತ್ತೆ, ಒತ್ತಿದ್ರೆ ಗಾಡಿ ಹಿಂಭಾಗ ಕೆಳಗಿಳಿಯತ್ತೆ. ಊರಿಂದ ತೆಂಗಿನಕಾಯಿ ಚೀಲ, ಅಕ್ಕಿ ಮೂಟೆ ತರೋರಿಗೆ ಇದರ ಬೆಲೆ ಗೊತ್ತಾಗತ್ತೆ, ಸೊಂಟ ಉಳಿಯತ್ತೆ. ಬಂಪರ್ ಕೆಳಗೆ ಕಾಲಾಡ್ಸಿದ್ರೆ ಡಿಕ್ಕಿ ತೆಗೆಯೋ ಸೆನ್ಸರ್ ಇದ್ರೆ, ಗಾಡಿ ತೊಳೆಯೋವಾಗ ಕೀನ ದೂರ ಇಡಿ, ಕೀ ಜೇಬಲ್ಲಿದ್ದು ನೀರು ಹೊಡೆದ್ರೆ ಡಿಕ್ಕಿ ತಾನಾಗೇ ತೆಗೆದುಬಿಡಬಹುದು.

ಎರಡನೇ ಸಾಲಿಗೆ ಬರೋಣ, ನನ್ನ ಪ್ರಕಾರ ಈ ಗಾಡಿಯ ಅಸಲಿ ಜಾಗ ಇದೇ. ವಯಸ್ಸಾದವರಿಗೆ ಇಲ್ಲಿರೋ ಒಂದೇ ಕಷ್ಟ ಅಂದ್ರೆ ಹತ್ತೋದು, ಮಂಡಿನೋವಿರೋ ಅಮ್ಮನಿಗೆ ಎಸ್‌ಯುವಿ ಎತ್ತರ ಎತ್ತರಾನೇ. ಏರ್ ಸಸ್ಪೆನ್ಷನ್ ಇದ್ರೆ ಸೆಟ್ಟಿಂಗ್ಸಲ್ಲಿ ಸಸ್ಪೆನ್ಷನ್ ಅಂತ ಹುಡುಕಿ, ಹತ್ತೋಕೆ ಇಳಿಯೋಕೆ ಸುಲಭ ಆಗ್ಲಿ ಅಂತ ಗಾಡಿ ತಗ್ಗಿಸೋ ಆಪ್ಶನ್ ಅಲ್ಲಿರತ್ತೆ, ಆನ್ ಮಾಡಿ. ಆಮೇಲಿಂದ ಗೇರನ್ನ ಪಿ (ಪಾರ್ಕ್) ಗೆ ಹಾಕಿ ಇಂಜಿನ್ ಆಫ್ ಮಾಡಿದ್ರೆ ಗಾಡಿ ಉಸ್ ಅಂತ ಮೆಲ್ಲಗೆ ಕೆಳಗೆ ಕೂರತ್ತೆ. ಅದು ಪೂರ್ತಿ ಇಳಿಯೋ ಮುಂಚೆ ಡೋರ್ ತೆಗೆದ್ರೆ ಅರ್ಧಕ್ಕೇ ನಿಂತುಬಿಡತ್ತೆ, ಆದ್ರಿಂದ ಇಂಜಿನ್ ಆಫಾದ್ಮೇಲೆ ನಾಲ್ಕೈದು ಸೆಕೆಂಡ್ ತಡೀರಿ ಅಂತ ಮನೆಯವರಿಗೆ ಹೇಳಿಡಿ. ಇನ್ನೊಂದು, ನಮ್ಮ ಬೆಂಗಳೂರಲ್ಲಿ ಕೆಲವು ಫುಟ್‌ಪಾತ್ ಮೊಣಕಾಲಿಗೆ ಬರೋ ಹಾಗಿರ್ತವೆ, ಅದಕ್ಕೆ ಒತ್ತಿ ನಿಲ್ಸಿ ಗಾಡಿ ತಗ್ಗಿಸಿದ್ರೆ ಡೋರಿನ ಕೆಳ ಅಂಚು ಹೋಗಿ ಕಲ್ಲಿಗೆ ಉಜ್ಜತ್ತೆ. ಡೋರ್ ಪೂರ್ತಿ ತೆಗೆಯೋಷ್ಟು ಜಾಗ ಬಿಟ್ಟು ನಿಲ್ಸಿ.

ಹಿಂದೆ ಕೂತವರಿಗೆ ಎಸಿ ಬರೋದು ಮಧ್ಯದ ಕನ್ಸೋಲ್ ಹಿಂಭಾಗದಿಂದ, ಮುಂದಿನ ಹಿಂದಿನ ಡೋರಿನ ಮಧ್ಯದ ಕಂಬದಲ್ಲಿರೋ ವೆಂಟ್‌ಗಳಿಂದ. ನಾಲ್ಕು ಝೋನ್ ಇದ್ರೆ ಹಿಂದೇನೂ ಎಡಕ್ಕೊಂದು ಬಲಕ್ಕೊಂದು ಟೆಂಪರೇಚರ್ ಇಡಬಹುದು, ಅಲ್ಲೇ ಟಚ್ ಪ್ಯಾನೆಲ್ ಇದೆ. ದೊಡ್ಡವರು 'ಎಸಿ ಆಫ್ ಮಾಡಪ್ಪ' ಅಂತ ಹೇಳೋದು ಮುಕ್ಕಾಲು ಪಾಲು ಟೆಂಪರೇಚರ್‌ಗಲ್ಲ, ಕಂಬದ ಗಾಳಿ ನೇರ ಕಿವಿಗೆ ಹೊಡೀತಾ ಇರತ್ತೆ ಅಷ್ಟೆ. ಆ ವೆಂಟ್‌ನ ಗಾಜಿನ ಕಡೆ ತಿರುಗ್ಸಿ, 25ಕ್ಕಿಟ್ಟು ಆಟೋಲಿ ಬಿಡಿ, ಆಮೇಲೆ ಒಂದು ಮಾತೂ ಬರಲ್ಲ. ಮುಂದೆ ಕೂತವರಿಗೆ ಎಸಿನೂ ಸ್ಕ್ರೀನಲ್ಲೇ ಅನ್ನೋದು ತುಂಬಾ ಓನರ್‌ಗಳ ಬೇಜಾರು, ಅದು ನ್ಯಾಯವಾದ ಬೇಜಾರೇ, ಗುಂಡಿ ಬಟನ್ ಇದ್ರೆ ಕಣ್ಣು ರಸ್ತೆ ಮೇಲೇ ಇರತ್ತೆ. ಗೂಗಲ್ ಇರೋ ಗಾಡೀಲಿ ಇಂಗ್ಲಿಷಲ್ಲಿ ಬಾಯಲ್ಲಿ ಹೇಳಿದ್ರೂ ಟೆಂಪರೇಚರ್ ಬದಲಾಗತ್ತೆ, ಓಡ್ಸೋವಾಗ ಅದನ್ನೇ ರೂಢಿ ಮಾಡ್ಕೊಳ್ಳಿ.

ಮಕ್ಕಳ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಪುಟ್ಟ ಮಗುಗೆ ಹಿಂದಕ್ಕೆ ಮುಖ ಮಾಡಿ ಕೂರೋ ಸೀಟೇ ಸರಿ, ಕನಿಷ್ಠ ನಾಲ್ಕು ವರ್ಷದ ತನಕ ಹಾಗೇ ಕೂರ್ಸಿ ಅಂತ ವೋಲ್ವೋ ಹೇಳತ್ತೆ, ಅಂಥ ಸೀಟು ಸಿಕ್ಕಿಸೋ ಐಸೋಫಿಕ್ಸ್ ಕೊಂಡಿ ಎರಡನೇ ಸಾಲಿನ ಎರಡೂ ಪಕ್ಕದಲ್ಲಿದೆ. ಯಾವ್ದೋ ಕಾರಣಕ್ಕೆ ಅಂಥ ಸೀಟನ್ನ ಮುಂದಿನ ಪ್ಯಾಸೆಂಜರ್ ಸೀಟಲ್ಲಿ ಹಾಕೋದಾದ್ರೆ ಏರ್‌ಬ್ಯಾಗ್ ಆಫ್ ಮಾಡ್ಲೇಬೇಕು. ಅದರ ಸ್ವಿಚ್ ಸ್ಕ್ರೀನಲ್ಲಿಲ್ಲ, ಪ್ಯಾಸೆಂಜರ್ ಡೋರ್ ತೆಗೆದಾಗ ಡ್ಯಾಶ್‌ಬೋರ್ಡಿನ ಪಕ್ಕದ ಮೈಯಲ್ಲಿ ಕಾಣತ್ತೆ, ಆಫ್ ಆಯ್ತಾ ಅಂತ ಮೇಲೆ ರೂಫ್ ಹತ್ರ ಇರೋ ಲೈಟ್ ನೋಡಿ ಖಾತ್ರಿ ಮಾಡ್ಕೊಳ್ಳಿ, ದೊಡ್ಡವರು ಮತ್ತೆ ಕೂತಾಗ ವಾಪಸ್ ಆನ್. ಸ್ವಲ್ಪ ದೊಡ್ಡ ಮಕ್ಕಳಿಗೆ ಕೆಲವು ಗಾಡಿಗಳಲ್ಲಿ ಎರಡನೇ ಸಾಲಿನ ನಡು ಸೀಟಿನೊಳಗೇ ಬೂಸ್ಟರ್ ಇದೆ, ಎಳೆದು ಎತ್ತಿದ್ರೆ ಮೇಲೆ ಬರತ್ತೆ, 15ರಿಂದ 36 ಕೆಜಿ ತೂಕದ ಮಕ್ಕಳಿಗೆ. ಬೂಸ್ಟರ್ ಯಾಕೆ ಬೇಕು ಅಂದ್ರೆ ಅದಿಲ್ದೇ ಬೆಲ್ಟ್ ಮಗು ಕತ್ತಿನ ಮೇಲೆ ಹಾದು ಹೋಗತ್ತೆ, ಅದಿದ್ರೆ ಭುಜದ ಮೇಲೆ ಬರತ್ತೆ, ನೀವೇ ಕೂರ್ಸಿ ನೋಡಿ ವ್ಯತ್ಯಾಸ ಕಣ್ಣಿಗೇ ಕಾಣತ್ತೆ. ಮೂರು ಪಾಯಿಂಟ್ ಸೀಟ್ ಬೆಲ್ಟನ್ನ 1959ರಲ್ಲಿ ಮೊದಲು ಮಾಮೂಲಿ ಗಾಡಿಗಳಿಗೆ ಹಾಕಿದ ಕಂಪನಿ ಇದು, ಅದರಲ್ಲೇ ಕೂತು ಹಿಂದಿನವರು ಬೆಲ್ಟ್ ಹಾಕದೇ ಹೋಗೋದನ್ನ ನೋಡಿದ್ರೆ ನನಗೆ ನಿಜಕ್ಕೂ ಹೊಟ್ಟೆ ಉರಿಯತ್ತೆ. ಎಲೆಕ್ಟ್ರಿಕ್ ಚೈಲ್ಡ್ ಲಾಕ್ ಇದ್ರೆ ಬಟನ್ ಡ್ರೈವರ್ ಡೋರಲ್ಲೇ ಇರತ್ತೆ, ಹಿಂದಿನ ಡೋರು ಗ್ಲಾಸು ಎರಡೂ ಒಟ್ಟಿಗೆ ಬಂದ್.

ಗಾಳಿ ಫಿಲ್ಟರ್ ಬಗ್ಗೆ ಒಂದು ಮಾತು. ಏರ್ ಕ್ಲೀನರ್ ಇರೋ ಮಾಡೆಲಲ್ಲಿ ಒಳಗೆ ಪಿಎಂ2.5, ಅಂದ್ರೆ ಗಾಳಿಲಿರೋ ಸಣ್ಣ ಧೂಳಿನ ಕಣ, ಎಷ್ಟಿದೆ ಅಂತ ಸ್ಕ್ರೀನಲ್ಲಿ ತೋರ್ಸತ್ತೆ, ಕೆಲವು ಗಾಡೀಲಿ ಹೊರಗಿಂದೂ. ಅದಿದ್ರೆ ಸಿಲ್ಕ್ ಬೋರ್ಡ್ ಜಂಕ್ಷನಲ್ಲಿ ನಿಂತಾಗ ಒಂದ್ಸಲ ನೋಡಿ, ಹೊರಗಿನ ನಂಬರ್ ನೋಡಿದ್ರೆ ಮತ್ತೆ ಗ್ಲಾಸ್ ಇಳಿಸೋ ಮನಸ್ಸಾಗಲ್ಲ, ಮನೇಲಿ ಅಸ್ತಮಾ ಇರೋರಿದ್ರೆ ಈ ಒಂದೇ ಫೀಚರ್‌ಗೆ ಗಾಡಿ ತಗೊಂಡಿದ್ದು ಸಾರ್ಥಕ ಅನ್ಸತ್ತೆ. ನಮ್ಮ ಧೂಳಿಗೆ ಆ ಫಿಲ್ಟರ್ ಬೇಗ ತುಂಬತ್ತೆ, ಸರ್ವಿಸ್ ಬಿಲ್ಲಲ್ಲಿ ಅದನ್ನ ಬದಲಾಯ್ಸಿದಾರಾ ಅಂತ ಕೇಳಿ ನೋಡ್ಕೊಳ್ಳಿ.

ಬವರ್ಸ್ ಅಂಡ್ ವಿಲ್ಕಿನ್ಸ್ 19 ಸ್ಪೀಕರ್ ಇರೋರು ಸೌಂಡ್ ಸೆಟ್ಟಿಂಗಲ್ಲಿ ಡ್ರೈವರ್‌ಗೆ, ಎಲ್ಲರಿಗೂ, ಹಿಂದಿನವರಿಗೆ ಅಂತ ಇರೋದ್ರಲ್ಲಿ ಎಲ್ಲರಿಗೂ ಅನ್ನೋದನ್ನ ಇಟ್ಬಿಡಿ, ಅಷ್ಟೆ.

ಈಗ ಡ್ರೈವರ್ ಸರದಿ. ಗಂಡ ಹೆಂಡ್ತಿ ಇಬ್ಬರೂ ಓಡಿಸ್ತೀರಾದ್ರೆ ಒಬ್ಬೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿ, ಅವರವರ ಕೀಗೆ ಲಿಂಕ್ ಮಾಡಿ. ಸೀಟು ಕನ್ನಡಿ ಸರಿಮಾಡ್ಕೊಂಡ್ಮೇಲೆ ಡೋರಲ್ಲಿರೋ ಎಂ ಒತ್ತಿ, ತಕ್ಷಣ 1 ಅಥ್ವಾ 2 ಒತ್ತಿದ್ರೆ ಮೆಮೊರಿಲಿ ಕೂರತ್ತೆ. ಮಗ ಹೊಸದಾಗಿ ಲೈಸೆನ್ಸ್ ಮಾಡ್ಸಿದಾನೆ, ಇಲ್ಲಾ ಡ್ರೈವರ್ ಇಟ್ಕೊಂಡಿದೀರಾ ಅಂದ್ರೆ 2021ರ ಮಾಡೆಲಿಂದ ಈಚೆ ಕೇರ್ ಕೀ ಅಂತ ಬರತ್ತೆ, ಆ ಕೀಲಿ ಓಡಿಸಿದಾಗ ಗರಿಷ್ಠ ವೇಗ ಎಷ್ಟು ಅಂತ ನೀವೇ ಕಟ್ಟಿಹಾಕ್ಬಹುದು.

ಸೇಫ್ಟಿ ಅಲಾರಂಗಳಿಗೆ ಬೇಸತ್ತು ಎಲ್ಲಾನೂ ಆಫ್ ಮಾಡೋರು ಜಾಸ್ತಿ, ದಯವಿಟ್ಟು ಹಾಗೆ ಮಾಡ್ಬೇಡಿ, ಒಂದೊಂದನ್ನೇ ನಮ್ಮ ರಸ್ತೆಗೆ ಹೊಂದಿಸ್ಕೊಳ್ಳಿ. ಸಿಟೀಲಿ ಸ್ಕೂಟರ್ ಆಟೋ ಮುಂದೆ ನುಗ್ಗಿದಾಗೆಲ್ಲ ಕಿರುಚತ್ತೆ ಅನ್ಸಿದ್ರೆ ಸಿಟಿ ಸೇಫ್ಟಿ (ಗುದ್ದೋ ಮುಂಚೆ ಎಚ್ಚರಿಸಿ ಬ್ರೇಕ್ ಹಾಕೋದು) ವಾರ್ನಿಂಗ್‌ನ ಬೇಗ, ನಾರ್ಮಲ್, ತಡ ಅಂತ ಮೂರು ಥರ ಇಡೋಕಾಗತ್ತೆ, ತಡ ಅನ್ನೋದಕ್ಕೆ ಹಾಕಿ. ಗಾಡಿನ ಗೆರೆ ಒಳಗೆ ಇಡೋ ಲೇನ್ ಕೀಪಿಂಗ್ 65 ಕಿಲೋಮೀಟರ್ ವೇಗ ದಾಟಿದ ಮೇಲೇ ಕೆಲಸ ಮಾಡೋದು, ಸಿಟೀಲಿ ಅದರ ಕಾಟಾನೇ ಇಲ್ಲ. ವೇಗ, ಮುಂದಿನ ಗಾಡಿ ಜೊತೆ ಅಂತರ, ಸ್ಟೀರಿಂಗ್ ಮೂರಕ್ಕೂ ಸಹಾಯ ಮಾಡೋ ಪೈಲಟ್ ಅಸಿಸ್ಟ್‌ಗೆ ಹೇಳಿಮಾಡ್ಸಿದ ರಸ್ತೆ ಮೈಸೂರು ಎಕ್ಸ್‌ಪ್ರೆಸ್‌ವೇ, ಬಿಳಿ ಗೆರೆ ಸ್ಪಷ್ಟ, ಬೈಕು ಆಟೋ ಇಲ್ಲ, 100ರ ಲಿಮಿಟ್ಟಿಗೆ ಇಟ್ಟು ಕೈ ಸ್ಟೀರಿಂಗ್ ಮೇಲೇ ಇಟ್ಕೊಂಡಿದ್ರೆ ಮೈಸೂರು ಮುಟ್ಟೋವಾಗ ದಣಿವೇ ಗೊತ್ತಾಗಲ್ಲ. ಚಾರ್ಮಾಡಿ, ಆಗುಂಬೆ ಥರ ಘಾಟೀಲಿ ಆಫ್ ಮಾಡಿ ನೀವೇ ಓಡ್ಸಿ, ಅಂಥ ತಿರುವಿಗೆ ಅದನ್ನ ಮಾಡಿಲ್ಲ. ರಿಂಗ್ ರೋಡ್ ಟ್ರಾಫಿಕಲ್ಲಿ ಕ್ರೂಸ್ ಹಾಕಿದ್ರೆ ಮುಂದಿನ ಗಾಡಿ ಜೊತೆ ಅಂತರ ಅತಿ ಕಡಿಮೆಗೆ ಇಟ್ರೂ ಆ ಸಂದಿಗೆ ಆಟೋ ಬಂದೇ ಬರತ್ತೆ, ಅಲ್ಲೂ ಬೇಡ.

ಪೂಜೆ ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಈ ಗಾಡಿಯ ಕ್ಯಾಮರಾ ಮುಂದಿನ ಗ್ಲಾಸ್ ಹಿಂದೆ ಕನ್ನಡಿ ಹತ್ರ ಇದೆ, ರೇಡಾರ್ ಹಳೆಯದ್ರಲ್ಲಿ ಅಲ್ಲೇ, ಹೊಸದ್ರಲ್ಲಿ ಮುಂದಿನ ಲೋಗೋ ಹಿಂದೆ. ಆಯುಧ ಪೂಜೇಲಿ ಸರಿಯಾಗಿ ಲೋಗೋ ಮೇಲೇ ಗಂಧ ಅರಿಶಿನ ಬಳಿದು, ಗ್ರಿಲ್ಲಿಗೆ ದಪ್ಪ ಹಾರ ಕಟ್ಟಿ, ನಿಂಬೆಹಣ್ಣು ಮೆಣಸಿನಕಾಯಿ ನೇತು ಹಾಕಿದ್ರೆ ಸೆನ್ಸರ್ ಬ್ಲಾಕ್ ಅಂತ ಮೆಸೇಜ್ ಬರತ್ತೆ, ಕ್ರೂಸು ಆಟೋ ಬ್ರೇಕು ಎಲ್ಲ ಸುಮ್ಮನಾಗ್ಬಹುದು. ಪೂಜೆ ಚೆನ್ನಾಗೇ ಮಾಡಿ, ಕುಂಕುಮನ ಬಾನೆಟ್ ಮೇಲೆ ಇಡ್ಸಿ, ಹಾರ ಲೋಗೋಗೆ ಅಡ್ಡ ಬರದ ಹಾಗೆ ಕಟ್ಸಿ, ಗಂಧ ಒಣಗೋ ಮುಂಚೆ ಒದ್ದೆ ಬಟ್ಟೇಲಿ ಒರೆಸಿ. ಫಾಸ್ಟ್ಯಾಗ್ ಸ್ಟಿಕ್ಕರ್ ಕೂಡ ಕ್ಯಾಮರಾ ಕಿಂಡಿಯಿಂದ ಪಕ್ಕಕ್ಕೆ ಅಂಟ್ಸಿ.

ರಸ್ತೆ ಹಂಪಲ್ಲಿ ಧಡ್ ಅನ್ನತ್ತೆ, ಇಷ್ಟು ದುಡ್ಡಿನ ಗಾಡಿಗೆ ಹೀಗಾ ಅನ್ನೋರು ಮೊದಲು ಟೈರ್ ಗಾಳಿ ನೋಡ್ಸಿ. 20 ಇಂಚಿನ ವೀಲಿಗೆ ರಬ್ಬರ್ ಪಟ್ಟಿ ತೆಳ್ಳಗಿರತ್ತೆ, ಗಾಳಿ ಅಂಗಡಿಯವರು ದೊಡ್ಡ ಗಾಡಿ ಅಂತ ಕೈಗೆ ಬಂದಷ್ಟು ತುಂಬಿದ್ರೆ ಏರ್ ಸಸ್ಪೆನ್ಷನ್ ಏನೂ ಮಾಡಕ್ಕಾಗಲ್ಲ. ಡ್ರೈವರ್ ಡೋರ್ ಕಂಬದ ಸ್ಟಿಕ್ಕರಲ್ಲಿ ಎಷ್ಟಿದೆಯೋ ಅಷ್ಟೇ, ಬೆಳಗ್ಗೆ ಟೈರ್ ತಣ್ಣಗಿದ್ದಾಗ. ಆಮೇಲೆ ಸ್ಕ್ರೀನಲ್ಲಿ ಹೊಸ ಪ್ರೆಶರ್ ಸೇವ್ ಮಾಡೋ ಆಪ್ಶನ್ ಇದ್ರೆ ಅದನ್ನೂ ಒತ್ತಿ. ತೋಟದ ದಾರಿ, ಕಿತ್ತೋಗಿರೋ ಮಣ್ಣು ರಸ್ತೆಗೆ ಆಫ್ ರೋಡ್ ಮೋಡ್ ಹಾಕಿದ್ರೆ ಗಾಡಿ ಎತ್ತರ ಆಗತ್ತೆ, ನಿಧಾನಕ್ಕೆ ಹೋಗೋವಾಗ ಮಾತ್ರ, ವೇಗ ಜಾಸ್ತಿ ಆದ್ರೆ ತಾನೇ ವಾಪಸ್ ಬರತ್ತೆ.

ಪಂಕ್ಚರ್ ಆದಾಗ ಮಾತ್ರ ಇದನ್ನ ಮರೀಬೇಡಿ: ಜ್ಯಾಕ್ ಹಾಕೋ ಮುಂಚೆ ಸೆಟ್ಟಿಂಗ್ಸಲ್ಲಿ ಲೆವೆಲಿಂಗ್ ಆಫ್ ಮಾಡ್ಬೇಕು. ಇಲ್ಲಾಂದ್ರೆ ಗಾಡಿ ಎತ್ತಿದಾಗ ಸಸ್ಪೆನ್ಷನ್ ತನ್ನ ಪಾಡಿಗೆ ಎತ್ತರ ಸರಿಮಾಡೋಕೆ ಹೋಗತ್ತೆ, ಜ್ಯಾಕ್ ಮೇಲಿರೋ ಗಾಡಿಗೆ ಅದು ಅಪಾಯ. ಪಂಕ್ಚರ್ ಅಂಗಡಿ ಹುಡುಗನಿಗೆ ಇದು ಗೊತ್ತಿರತ್ತೆ ಅಂತ ಅಂದ್ಕೋಬೇಡಿ, ನೀವೇ ನಿಂತು ಮಾಡ್ಸಿ, ಡ್ರೈವರಿಗೂ ಒಂದ್ಸಲ ತೋರ್ಸಿಡಿ.

ಕೊನೇದಾಗಿ ಸ್ಕ್ರೀನ್ ಹ್ಯಾಂಗ್ ಆಗೋದು. ಹಾಡು ನಿಂತೋಯ್ತು, ಮ್ಯಾಪ್ ಬರ್ತಿಲ್ಲ, ಕ್ಯಾಮರಾ ಕಪ್ಪಗಿದೆ ಅಂದ್ರೆ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡೋ ಮುಂಚೆ ಗಾಡಿ ನಿಲ್ಸಿ, 9 ಇಂಚಿನ ಸ್ಕ್ರೀನ್ ಆದ್ರೆ ಅದರ ಕೆಳಗಿನ ಹೋಮ್ ಬಟನ್ನ ಒತ್ತಿ ಹಿಡ್ಕೊಳ್ಳಿ. ಮೊದಲು ಸ್ಕ್ರೀನ್ ಒರೆಸೋದಕ್ಕೆ ಅಂತ ಒಂದು ಪರದೆ ಬರತ್ತೆ, ಅಲ್ಲಿಗೇ ಕೈ ಬಿಡ್ಬೇಡಿ, ಸುಮಾರು 20 ಸೆಕೆಂಡ್ ಹಿಡಿದಿದ್ರೆ ಪೂರ್ತಿ ಕಪ್ಪಾಗಿ ಮತ್ತೆ ಶುರುವಾಗತ್ತೆ, ಬಹಳಷ್ಟು ತೊಂದ್ರೆ ಅಲ್ಲಿಗೇ ಹೋಗತ್ತೆ. ಗೂಗಲ್ ಗಾಡಿಗೆ ಅಪ್‌ಡೇಟ್ ಬಂತು ಅಂತ ತೋರ್ಸಿದ್ರೆ ಹೊರಡೋ ಹೊತ್ತಲ್ಲಿ ಒತ್ತಬೇಡಿ, ಇನ್‌ಸ್ಟಾಲ್ ಆಗೋವಾಗ ಗಾಡಿ ಓಡಿಸೋಕಾಗಲ್ಲ. ರಾತ್ರಿ ಮನೇಲಿ ನಿಲ್ಸಿ, ಅಪ್‌ಡೇಟ್ ಒತ್ತಿ, ಲಾಕ್ ಮಾಡಿ ಹೋಗಿ ಮಲ್ಕೊಳ್ಳಿ.